ಬೃಹನ್ನಳೆಯ ಕೈಯಲ್ಲಿ ಕಂಟ್ರೋಲರ್

ಡ್ರ್ಯಾಗನ್ ಬಾಲ್ ಅನ್ನುವ ಜಪಾನಿ ಕಾಮಿಕ್ಸ್‌ನಿಂದ ಹುಟ್ಟಿದ ವಿಡಿಯೊ ಗೇಮ್‌ಗಳ ಬಗ್ಗೆ ಒಂದು ತಕರಾರು ಎಷ್ಟೋ ವರ್ಷಗಳಿಂದ ನನ್ನ ತಲೆಯಲ್ಲಿ ಕೂತಿದೆ. ಅದು ನನ್ನ ತಕರಾರೂ ಅಲ್ಲ, ಬೇರೆ ಯಾರದೋ. ಮೈಸೂರಿನಲ್ಲಿ ಡಿಗ್ರಿ ಓದುವಾಗ ಜೆರಾಕ್ಸ್ ಅಂಗಡಿಯೊಂದರ ಮಹಡಿ ಮೇಲೆ ಗೇಮ್ ಪಾರ್ಲರ್ ಇತ್ತು. ಮೇಜಿನ ಮೇಲೆ ಹಳೆ ಡಬ್ಬಾ ಟೀವಿಗಳು, ಚಿಪ್ ಹಾಕಿಸಿದ ಪಿಎಸ್2 ಗೇಮ್ ಯಂತ್ರಗಳು, ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಡಿವಿಡಿಗಳು, ಗಂಟೆಗಿಷ್ಟು ಅಂತ ದುಡ್ಡು. ಒಂದು ಸಂಜೆ ಅಲ್ಲಿ ಇಬ್ಬರು ಹುಡುಗರು ಬುಡೋಕೈ ಟೆಂಕೈಚಿ 3 ಅನ್ನುವ ಡ್ರ್ಯಾಗನ್ ಬಾಲ್ ಗೇಮ್ ಆಡುತ್ತಿದ್ದರು. ಒಬ್ಬ ಫ್ರೀಜಾನನ್ನು ಆರಿಸಿದ. ಇನ್ನೊಬ್ಬ ಸುಮ್ನೆ ತಮಾಷೆಗೆ ಅಂತ ಮಿಸ್ಟರ್ ಸೇಟನ್‌ನನ್ನು ಆರಿಸಿದ. ಟೀವಿಯಲ್ಲಿ ನೋಡಿದವರಿಗೆ ಹರ್ಕ್ಯೂಲ್ ಅಂದರೆ ಬೇಗ ಗೊತ್ತಾಗುತ್ತದೆ. ಗುಂಗುರು ಕೂದಲು, ದಪ್ಪ ಮೀಸೆ, ಬಾಯಿ ತೆಗೆದರೆ ಬರೀ ಬಡಾಯಿ, ಅವನೇ. ಫ್ರೀಜಾ ಗ್ರಹಗಳನ್ನೇ ಒಡೆದು ಹಾಕುವವನು. ಸೇಟನ್‌ಗೆ ಹಾರುವುದಕ್ಕೂ ಬರುವುದಿಲ್ಲ. ಆ ಗೇಮ್‌ನಲ್ಲೂ ಬರುವುದಿಲ್ಲ, ಪಾಪ, ನೆಲದ ಮೇಲೆ ಕುಪ್ಪಳಿಸುತ್ತಾನೆ ಅಷ್ಟೇ.

ಗೆದ್ದಿದ್ದು ಸೇಟನ್. ತಮಾಷೆಗೆ ಶುರು ಮಾಡಿದ ಹುಡುಗ ನಿಜಕ್ಕೂ ಚೆನ್ನಾಗಿ ಆಡುವವನು. ಫ್ರೀಜಾ ಬಿಟ್ಟ ಹೊಡೆತಗಳಿಂದ ಪಕ್ಕಕ್ಕೆ ಸರಿದು ಸರಿದು, ಅವನು ಕೆಳಗಿಳಿದಾಗಲೆಲ್ಲ ಹಿಡಿದು ಬಡಿದ. ಸುತ್ತ ನಿಂತಿದ್ದ ನಾವೆಲ್ಲ ಕೂಗಿದೆವು. ಸೋತವನು ಕಂಟ್ರೋಲರ್ ಕೆಳಗಿಟ್ಟು, ಕೋಪಕ್ಕಿಂತ ಜಾಸ್ತಿ ನೊಂದುಕೊಂಡವನ ಹಾಗೆ, "ನೀನು ಗೆದ್ದೆ, ಸರಿ ಮಗಾ. ಆದ್ರೆ ಇದು ಆಗಲ್ಲ. ಇದು ಹೆಂಗಾಗುತ್ತೆ ಹೇಳು?" ಅಂದ. ಆಮೇಲೆ ಪಾರ್ಲರ್ ಅಣ್ಣನ ಹತ್ತಿರ ನ್ಯಾಯ ಕೇಳಿದ. ಅಣ್ಣ ಗಡಿಯಾರ ನೋಡಿ, "ಟೈಮ್ ಆಯ್ತು, ಇನ್ನೊಂದು ಗಂಟೆ ಆಡ್ತೀರೇನ್ರೋ?" ಅಂತ ಕೇಳಿದರು.

ಆಗ ನಕ್ಕಿದ್ದೆವು. ಆದರೆ ಆ ಹುಡುಗ ಕೇಳಿದ್ದು ದಡ್ಡ ಪ್ರಶ್ನೆ ಅಲ್ಲ. ಡ್ರ್ಯಾಗನ್ ಬಾಲ್ ಮಂಗಾ, ಅಂದರೆ ಆ ಜಪಾನಿ ಕಾಮಿಕ್ಸ್, ನಿಂತಿರುವುದೇ ಒಂದು ಮಾತಿನ ಮೇಲೆ: ಇವನು ಅವನಿಗಿಂತ ಬಲಶಾಲಿ, ಹಾಗಾಗಿ ಇವನೇ ಗೆಲ್ಲುತ್ತಾನೆ. ಇಬ್ಬರು ಕೂತು ಆಡುವ ಫೈಟಿಂಗ್ ಗೇಮ್ ನಿಂತಿರುವುದು ಇದರ ಉಲ್ಟಾ ಮಾತಿನ ಮೇಲೆ: ಯಾರು ಯಾರನ್ನು ಆರಿಸಿಕೊಂಡರೂ ಗೆಲ್ಲುವ ದಾರಿ ಇರಬೇಕು. ಒಂದೇ ಡಿಸ್ಕ್‌ನಲ್ಲಿ ಇವೆರಡೂ ಹೇಗಿರುತ್ತವೆ? 1986ರಿಂದ ಇವತ್ತಿನ ತನಕ ಬಂದ ಡ್ರ್ಯಾಗನ್ ಬಾಲ್ ಗೇಮ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ, ನನಗೆ ಅದು ಗ್ರಾಫಿಕ್ಸ್ ಬೆಳೆದ ಕಥೆಯಾಗಿ ಕಾಣುವುದಿಲ್ಲ. ಆ ಹುಡುಗನಿಗೆ ಏನು ಉತ್ತರ ಕೊಡೋದು ಅಂತ ಒಬ್ಬರ ಮೇಲೊಬ್ಬರು ತಲೆ ಕೆರೆದುಕೊಂಡ ಕಥೆಯಾಗಿ ಕಾಣುತ್ತದೆ.

ಅಂದ ಹಾಗೆ ಮಿಸ್ಟರ್ ಸೇಟನ್ ನಮಗೆ ಹೊಸಬನೇನಲ್ಲ. ಅವನು ನಮ್ಮ ಉತ್ತರ ಕುಮಾರ. ಒಲೆ ಮುಂದೆ ಪೌರುಷ, ರಣರಂಗದಲ್ಲಿ ಕಾಲು ನಡುಕ. ಸೆಲ್ ಅನ್ನುವ ರಾಕ್ಷಸ ಅವನನ್ನು ಒಂದೇ ಏಟಿಗೆ ಕಣದಾಚೆ ಎಸೆಯುತ್ತಾನೆ. ಸೆಲ್‌ನನ್ನು ಕೊಂದಿದ್ದು ಕಥಾನಾಯಕ ಗೋಕುವಿನ ಮಗ ಪುಟ್ಟ ಗೋಹನ್, ಆದರೆ ಊರಿಗೆಲ್ಲ ಹೆಸರಾಗಿದ್ದು ಸೇಟನ್‌ಗೆ. ವಿರಾಟನ ಊರಿನಲ್ಲೂ ಹಾಗೇ ಅಲ್ವಾ? ಕೌರವರನ್ನು ಓಡಿಸಿದ್ದು ಬೃಹನ್ನಳೆ, ಆರತಿ ಎತ್ತಿದ್ದು ಉತ್ತರನಿಗೆ. ಪಾರ್ಲರಿನ ಆ ಆಟದಲ್ಲಿ ಬೃಹನ್ನಳೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಕಂಟ್ರೋಲರ್ ಹಿಡಿದು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದ.

ಸಂಖ್ಯೆ ಬಂದಿದ್ದು ಎಲ್ಲಿಂದ

ಮಂಗಾದ ಮೊದಲ ಅರ್ಧದಲ್ಲಿ ಈ ತಾಪತ್ರಯ ಇಷ್ಟಿರಲಿಲ್ಲ. ಅಕಿರಾ ತೋರಿಯಾಮಾ 1984ರ ಕೊನೆಗೆ ವೀಕ್ಲಿ ಶೋನೆನ್ ಜಂಪ್ ಅನ್ನುವ ವಾರಪತ್ರಿಕೆಯಲ್ಲಿ ಇದನ್ನು ಶುರು ಮಾಡಿದಾಗ ಅದು ಗೋಕು ಅನ್ನುವ ಬಾಲದ ಹುಡುಗನೊಬ್ಬ ಊರೂರು ಅಲೆಯುವ ಹಾಸ್ಯದ ಕಥೆ. ಆಮೇಲೆ ಟೂರ್ನಮೆಂಟ್‌ಗಳು ಬಂದವು. ಕಣದಿಂದ ಹೊರಗೆ ಬಿದ್ದರೆ ಸೋಲು, ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋಲು. ಹಾಗಾಗಿ ಅಲ್ಲಿ ಉಪಾಯಕ್ಕೆ ಜಾಗ ಇತ್ತು, ಅದೃಷ್ಟಕ್ಕೂ ಇತ್ತು. ಗೋಕು ಮೊದಲ ಎರಡು ಟೂರ್ನಮೆಂಟ್‌ಗಳಲ್ಲಿ ಫೈನಲ್‌ಗೆ ಬಂದು ಎರಡರಲ್ಲೂ ಸೋಲುತ್ತಾನೆ. ಒಂದು ಸಲ ಮುದುಕ ಗುರುವಿಗೆ, ಇನ್ನೊಂದು ಸಲ ಟಿಯೆನ್ ಅನ್ನುವ ಎದುರಾಳಿಗೆ. ಅದು ನಿಜವಾಗಿಯೂ ಗೇಮ್ ಆಡಿದ ಹಾಗೇ ಇದೆ.

1988ರಲ್ಲಿ ರ್‍ಯಾಡಿಟ್ಜ್ ಅನ್ನುವ ಶತ್ರು ಆಕಾಶದಿಂದ ಇಳಿಯುತ್ತಾನೆ. ಎದುರಿನವರ ಬಲ ಅಳೆಯುವ ಒಂದು ಯಂತ್ರವನ್ನು ಕಣ್ಣಿಗೆ ಹಾಕಿಕೊಂಡಿರುತ್ತಾನೆ. ಎದುರಿಗೆ ಬಂದೂಕು ಹಿಡಿದು ನಿಂತ ರೈತನನ್ನು ನೋಡಿ ಯಂತ್ರ ಹೇಳುತ್ತದೆ: 5. ಅಲ್ಲಿಂದ ಮುಂದೆ ಎಲ್ಲರ ತಲೆ ಮೇಲೂ ಒಂದು ಸಂಖ್ಯೆ. ಗೋಕು 334, ಭಾರದ ಬಟ್ಟೆ ತೆಗೆದರೆ 416. ಅವನ ಹಿಂದೆ ಬರುವ ಶತ್ರು ವೆಜಿಟಾ 18,000. ಫ್ರೀಜಾ ತಾನೇ ಬಾಯಿಬಿಟ್ಟು 5,30,000 ಅನ್ನುತ್ತಾನೆ, ಅದೂ ಮೊದಲ ರೂಪದಲ್ಲಿ.

ಇಲ್ಲಿ ನನ್ನದೊಂದು ಊಹೆ. ಇದೇ ತೋರಿಯಾಮಾ 1986ರಿಂದ ಡ್ರ್ಯಾಗನ್ ಕ್ವೆಸ್ಟ್ ಗೇಮ್‌ಗಳಿಗೆ ಪಾತ್ರ, ರಾಕ್ಷಸರನ್ನೆಲ್ಲ ಬರೆದುಕೊಡುತ್ತಿದ್ದರು. ಅಲ್ಲಿ ಎಲ್ಲದಕ್ಕೂ ಒಂದು ಸಂಖ್ಯೆ. ಲೆವೆಲ್ ಇಷ್ಟು, ಪ್ರಾಣ ಇಷ್ಟು, ಏಟು ಇಷ್ಟು. 1988ರ ಫೆಬ್ರವರಿಯಲ್ಲಿ ಡ್ರ್ಯಾಗನ್ ಕ್ವೆಸ್ಟ್ 3 ಬಂದು ಜಪಾನಿನ ಹುಡುಗರೆಲ್ಲ ಅಂಗಡಿ ಮುಂದೆ ಕ್ಯೂ ನಿಂತಿದ್ದರು. ಅದೇ ವರ್ಷ ಮಂಗಾದಲ್ಲಿ ಈ ಯಂತ್ರ. ತೋರಿಯಾಮಾ ಅಲ್ಲಿಂದಲೇ ತಂದರು ಅಂತ ನಾನು ಹೇಳುತ್ತಿಲ್ಲ. ಆದರೆ ಜಂಪ್ ಓದುವ ಹುಡುಗರಿಗೆ ಆ ಸಂಖ್ಯೆ ಏನು ಅಂತ ಯಾರೂ ವಿವರಿಸಬೇಕಾಗಿರಲಿಲ್ಲ. ಅಷ್ಟು ಹೊತ್ತಿಗೆ ಅವರ ಬೆರಳಿಗೆ ಅದು ಗೊತ್ತಿತ್ತು.

ಇನ್ನೊಂದು ಮಜಾ ಏನೆಂದರೆ, ಮಂಗಾ ಆ ಸಂಖ್ಯೆಯನ್ನು ತಂದ ಗಳಿಗೆಯಿಂದಲೇ ಅದನ್ನು ಗೇಲಿ ಮಾಡಲೂ ಶುರು ಮಾಡುತ್ತದೆ. ಭೂಮಿಯವರು ಬಲವನ್ನು ಅಡಗಿಸಿಟ್ಟುಕೊಂಡು ಬೇಕಾದಾಗ ಹೊರಗೆ ಬಿಡುತ್ತಾರೆ. ಯಂತ್ರ ನಂಬಿದವರೆಲ್ಲ ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊನೆಗೆ ಯಂತ್ರಗಳು ಮುಖದ ಮೇಲೇ ಸಿಡಿದು ಹೋಗುತ್ತವೆ. ಫ್ರೀಜಾ ಆದ ಮೇಲೆ ಸಂಖ್ಯೆಗಳು ಕಥೆಯಿಂದ ಹೆಚ್ಚು ಕಡಿಮೆ ಮಾಯ. ಉಳಿದಿದ್ದು ಮೇಲು ಕೀಳಿನ ಏಣಿ ಮಾತ್ರ. ವಾರ ವಾರ ಬರುವ ಕಥೆಗೆ ಅದು ಬೇಕಿತ್ತು, ಮುಂದಿನ ಶತ್ರು ಹಿಂದಿನವನಿಗಿಂತ ದೊಡ್ಡವನಾಗಿರಲೇಬೇಕಿತ್ತು. ಹತ್ತೂವರೆ ವರ್ಷ, 519 ಅಧ್ಯಾಯ, 42 ಸಂಪುಟ. ಆ ಏಣಿ ಎಷ್ಟು ಎತ್ತರ ಹೋಯಿತೆಂದರೆ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದವರು ಕಣ್ಣಿಗೇ ಬೀಳದ ಹಾಗಾದರು.

ಕಾರ್ಡ್ ಹಾಕಿ ಹೊಡೆದಾಡುವುದು

ಮೊದಮೊದಲ ಗೇಮ್‌ಗಳನ್ನು ಬೇಗ ಮುಗಿಸಿಬಿಡುತ್ತೇನೆ, ಯಾಕೆಂದರೆ ಆಡಲು ಅವು ಅಷ್ಟಕ್ಕಷ್ಟೇ. 1986ರಲ್ಲಿ ಎಪೋಕ್ ಕಂಪನಿಯ ಸೂಪರ್ ಕ್ಯಾಸೆಟ್ ವಿಷನ್ ಅನ್ನುವ ಗೇಮ್ ಯಂತ್ರಕ್ಕೆ ಒಂದು ಬಂತು, ಮೋಡದ ಮೇಲೆ ಹಾರುತ್ತಾ ಗುಂಡು ಹಾರಿಸುವುದು. ಅದೇ ವರ್ಷ ಬಂದಾಯ್ ಕಂಪನಿ ನಿಂಟೆಂಡೊದ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ ಶೆನ್ರಾನ್ ನೊ ನಾಜೊ ತಂದಿತು. ಇದು 1988ರಲ್ಲಿ ಅಮೆರಿಕಕ್ಕೆ ಡ್ರ್ಯಾಗನ್ ಪವರ್ ಅನ್ನುವ ಹೆಸರಿನಲ್ಲಿ ಹೋಯಿತು. ಅಲ್ಲಿ ಆಗ ಡ್ರ್ಯಾಗನ್ ಬಾಲ್ ಅಂದರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಗೋಕುವಿನ ಮುಖವನ್ನೇ ಬದಲಾಯಿಸಿದರು. ಮುದುಕ ಗುರು ಆಸೆಪಡುತ್ತಿದ್ದ ಹೆಂಗಸರ ಒಳ ಉಡುಪಿನ ಜಾಗದಲ್ಲಿ ಸ್ಯಾಂಡ್‌ವಿಚ್ ಇಟ್ಟರು. ಮುದುಕನೊಬ್ಬ ಸ್ಯಾಂಡ್‌ವಿಚ್‌ಗಾಗಿ ಅಷ್ಟೊಂದು ಹಪಹಪಿಸುವುದನ್ನು ನೋಡಿ ಅಮೆರಿಕದ ಮಕ್ಕಳು ಏನಂದುಕೊಂಡರೋ.

ನನಗೆ ನಿಜಕ್ಕೂ ಕುತೂಹಲ ಹುಟ್ಟಿಸುವುದು 1988ರ ದಾಯ್‌ಮಾವೊ ಫುಕ್ಕಾತ್ಸುವಿನಿಂದ ಶುರುವಾದ ಕಾರ್ಡ್ ಗೇಮ್‌ಗಳು. 1990ರ ಕ್ಯೋಶೂ ಸೈಯಾಜಿನ್, 1991ರ ಗೆಕಿಶಿನ್ ಫ್ರೀಜಾ, ಹೀಗೆ ಅವು ಮಂಗಾದ ಹಿಂದೆ ಹಿಂದೆಯೇ ಬರುತ್ತಿದ್ದವು. ಫ್ಯಾಮಿಕಾಮ್‌ನಲ್ಲಿ ಡ್ರ್ಯಾಗನ್ ಬಾಲ್‌ನ ವೇಗ ತೋರಿಸಲು ಆಗುತ್ತಿರಲಿಲ್ಲ. ಅದಕ್ಕೆ ಹೊಡೆದಾಟವನ್ನೇ ಕಾರ್ಡ್‌ಗಳ ಮೇಲೆ ಹಾಕಿದರು. ಪ್ರತಿ ಕಾರ್ಡಿನ ಮೂಲೆಯಲ್ಲಿ ಡ್ರ್ಯಾಗನ್ ಬಾಲ್‌ನ ನಕ್ಷತ್ರಗಳು, ಅದು ಏಟಿನ ಜೋರು. ಇನ್ನೊಂದು ಮೂಲೆಯಲ್ಲಿ ತಡೆಯುವ ಶಕ್ತಿ. ನಡುವೆ ಒಂದು ಅಕ್ಷರ, ಅದೇ ಮುದುಕ ಗುರುವಿನ ಶಿಷ್ಯರಿಗೆ ಒಂದು, ಪಿಕೊಲೊ ಅನ್ನುವ ಪಾತ್ರಕ್ಕೆ ಒಂದು, ಹೀಗೆ. ನಿಮ್ಮ ಪಾತ್ರದ ಅಕ್ಷರ ಬಂದರೆ ಹೊಡೆತ ಜೋರು. ಕಾರ್ಡ್ ಹಾಕಿ ಕೂತು ನೋಡುವುದು ಅಷ್ಟೇ, ಮುಂದಿನದು ಸಿನಿಮಾದ ಹಾಗೆ ತಾನೇ ನಡೆಯುತ್ತದೆ.

ಈ ಗೇಮ್‌ಗಳಲ್ಲಿ ಬಲದ ಸಂಖ್ಯೆ ಪರದೆ ಮೇಲೇ ಇರುತ್ತದೆ, ಅನುಭವ ಬಂದಂತೆ ಏರುತ್ತದೆ. ಏಣಿಯೂ ಇದೆ. ಆದರೆ ಕೈಗೆ ಯಾವ ಕಾರ್ಡ್ ಬರುತ್ತದೆ ಅನ್ನುವುದು ಅದೃಷ್ಟ. ಆ ಸಂದಿಯಲ್ಲಿ ಬಡಪಾಯಿಗಳು ನುಸುಳಿಕೊಂಡರು. ಮಂಗಾದಲ್ಲಿ ವೆಜಿಟಾನ ಜೊತೆಗಾರ ನಪ್ಪಾ ಬಂದಾಗ ಗೋಕುವಿನ ಕಡೆಯ ಯಾಮ್ಚಾ, ಟಿಯೆನ್, ಚಾವ್‌ಜು ಎಲ್ಲ ಸಾಯುತ್ತಾರೆ. ಇಲ್ಲಿ ಹುಷಾರಾಗಿ ಆಡಿದರೆ ಅವರನ್ನು ಉಳಿಸಿಕೊಳ್ಳಬಹುದು. ಆ ವಾರದ ಜಂಪ್ ಓದಿ ಬೇಜಾರಾಗಿ ಕೂತ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ, ಅವನಿಗೆ ಇದು ಎಷ್ಟು ದೊಡ್ಡ ವಿಷಯ! ಇಷ್ಟೆಲ್ಲ ಮಾಡಿದವರು ಕ್ಯೋಟೊ ಊರಿನ ಟೋಸೆ ಅನ್ನುವ ಕಂಪನಿ. ಸಾವಿರಾರು ಗೇಮ್‌ಗಳಿಗೆ ಕೆಲಸ ಮಾಡಿ ಎಲ್ಲೂ ಹೆಸರು ಹಾಕಿಸಿಕೊಳ್ಳದೆ ಇರುವುದೇ ಅವರ ಪದ್ಧತಿ.

ಬಡಪಾಯಿಗಳಿಗೆ ಪ್ರವೇಶವಿಲ್ಲ

1993ರಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಸೂಪರ್ ಬುಟೋಡೆನ್ ಬಂತು. ಸ್ಟ್ರೀಟ್ ಫೈಟರ್ 2 ಬಂದು ಎರಡು ವರ್ಷ ಆಗಿತ್ತು, ಎಲ್ಲರಿಗೂ ಎದುರೆದುರು ನಿಂತು ಬಡಿದಾಡುವ ಗೇಮ್ ಬೇಕಿತ್ತು. ಡ್ರ್ಯಾಗನ್ ಬಾಲ್‌ನವರಿಗೆ ಒಂದು ಕಷ್ಟ: ಇವರು ಎದುರೆದುರು ನಿಲ್ಲುವವರೇ ಅಲ್ಲ, ಹಾರಿ ಮೈಲಿಗಟ್ಟಲೆ ದೂರ ಹೋಗಿ ಅಲ್ಲಿಂದ ಕಮೇಹಮೇಹ ಅನ್ನುವ ಬೆಳಕಿನ ಹೊಡೆತ ಬಿಡುವವರು. ಅದಕ್ಕೆ ಟೋಸೆಯವರು ಕಂಡುಕೊಂಡ ದಾರಿ ಈಗಲೂ ನನಗೆ ಇಷ್ಟ. ಇಬ್ಬರೂ ದೂರ ಹೋದರೆ ಪರದೆ ನಡುವೆ ಗೆರೆ ಬಿದ್ದು ಎರಡು ಭಾಗ ಆಗುತ್ತದೆ, ಒಬ್ಬೊಬ್ಬರಿಗೆ ಒಂದೊಂದು. ಒಂದು ಬಟನ್ ಒತ್ತಿದರೆ ನೆಲದಿಂದ ಆಕಾಶಕ್ಕೆ. ದೊಡ್ಡ ಹೊಡೆತ ಬಿಟ್ಟರೆ ಆಟ ನಿಂತು ಅದೊಂದು ದೃಶ್ಯವೇ ಆಗುತ್ತದೆ, ಎದುರಾಳಿಗೆ ತಡೆಯಲೋ ತಳ್ಳಲೋ ಒಂದು ಕ್ಷಣ ಸಿಗುತ್ತದೆ. ಆ ಒಂದು ಕ್ಷಣದಲ್ಲಿ ಮಂಗಾದ ಪುಟ ತಿರುಗಿಸಿದ ಹಾಗನಿಸುತ್ತದೆ.

ಮತ್ತೆ ನಮ್ಮ ಪ್ರಶ್ನೆ? ಅದನ್ನು ಅವರು ಭಾಳ ಸುಲಭವಾಗಿ ಬಗೆಹರಿಸಿದರು. ಬಡಪಾಯಿಗಳನ್ನು ಒಳಗೇ ಬಿಡಲಿಲ್ಲ. ಗೋಕು, ವೆಜಿಟಾ, ಪಿಕೊಲೊ, ಫ್ರೀಜಾ, ಸೆಲ್, ಟ್ರಂಕ್ಸ್, ಗೋಹನ್, ಇಂಥವರೇ ತುಂಬಿಕೊಂಡರು. ಯಾಮ್ಚಾ ಇಲ್ಲ, ಗೋಕುವಿನ ಆಪ್ತ ಗೆಳೆಯ ಕ್ರಿಲಿನ್ ಕೂಡ ಇಲ್ಲ. ಕಾರ್ಟ್ರಿಜ್‌ನಲ್ಲಿ ಜಾಗ ಕಡಿಮೆ, ಪಾತ್ರ ಹಾಕುವುದು ಹತ್ತೋ ಹನ್ನೆರಡೋ, ಅಂದ ಮೇಲೆ ಹುಡುಗರು ಯಾರನ್ನು ಕೇಳುತ್ತಾರೆ ಅನ್ನುವುದು ಸ್ಪಷ್ಟ. ಆದರೆ ಫಲ ಏನಾಯಿತೆಂದರೆ, ಏಣಿಯ ತುದಿಯಲ್ಲಿ ನಿಂತವರಷ್ಟೇ ಹೊಡೆದಾಡಿದರೆ ಏಣಿಯ ಪ್ರಶ್ನೆಯೇ ಏಳುವುದಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಎರಡನೆಯದು, ಮರುವರ್ಷ ಮೂರನೆಯದು. ಫ್ರಾನ್ಸ್‌ನಲ್ಲಿ 1988ರಿಂದಲೇ ಈ ಕಾರ್ಟೂನ್ ಬರುತ್ತಿತ್ತು, ಹಾಗಾಗಿ ಈ ಮೂರೂ ಅಲ್ಲಿಗೆ ಹೋದವು. ಅಮೆರಿಕಕ್ಕೆ ಒಂದೂ ಹೋಗಲಿಲ್ಲ. ನಮಗಂತೂ ಆಗ ಗೋಕು ಅಂದರೆ ಯಾರು ಅಂತಲೇ ಗೊತ್ತಿರಲಿಲ್ಲ.

1995ರಲ್ಲಿ ಮಂಗಾ ಮುಗಿಯಿತು. ಅದರ ಮುಂಚೆ ಜಂಪ್ ಪತ್ರಿಕೆ ವಾರಕ್ಕೆ 65 ಲಕ್ಷ ಪ್ರತಿ ದಾಟಿದ ದಾಖಲೆ ಮಾಡಿತ್ತು. 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಜಿಟಿ ಫೈನಲ್ ಬೌಟ್ ಹೆಸರಿಗೆ ತಕ್ಕ ಹಾಗೆ ಕೊನೆಯದಾಗಿ ಕಂಡಿತು. ಆಡಲು ಮಂದ, ಚಪ್ಪೆ. ಅದಾದ ಮೇಲೆ ಮನೆಯ ಕನ್ಸೋಲ್‌ಗಳಲ್ಲಿ ಐದು ವರ್ಷ ದೊಡ್ಡದೊಂದು ಗೇಮ್ ಬರಲಿಲ್ಲ.

161 ಜನ

ಮತ್ತೆ ಎಬ್ಬಿಸಿದ್ದು ಅಮೆರಿಕ. ಅಲ್ಲಿ ಟೀವಿಯಲ್ಲಿ ಕಾರ್ಟೂನ್ ಹಿಟ್ ಆಯಿತು, ಸ್ವಲ್ಪ ಹಿಂದೆ ಮುಂದೆ ನಮ್ಮಲ್ಲೂ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಬಂತು. ಸಂಜೆ ಟ್ಯೂಷನ್‌ಗೆ ತಡವಾಗಿ ಹೋದ ನನ್ನ ವಯಸ್ಸಿನವರಿಗೆ ಇದನ್ನು ಹೇಳಬೇಕಿಲ್ಲ. ನಮೆಕ್ ಗ್ರಹ ಸಿಡಿಯಲು ಐದು ನಿಮಿಷ ಇದೆ ಅಂತ ಫ್ರೀಜಾ ಹೇಳಿದ ಮೇಲೆ ನಾವು ಎಷ್ಟು ದಿನ ಕಾದೆವೋ! 2002ರಲ್ಲಿ ಪಿಎಸ್2ಗೆ ಬುಡೋಕೈ ಬಂತು. ಮಾಡಿದ್ದು ಡಿಂಪ್ಸ್ ಅನ್ನುವ ಹೊಸ ಕಂಪನಿ. ಅದನ್ನು ಕಟ್ಟಿದವರು ತಕಾಶಿ ನಿಶಿಯಾಮಾ, ಮೊಟ್ಟಮೊದಲ ಸ್ಟ್ರೀಟ್ ಫೈಟರ್ ಮಾಡಿದವರೇ. ಬುಡೋಕೈ ಸಾಲಿನ ಮೂರೂ ಗೇಮ್‌ಗಳು ಅಚ್ಚುಕಟ್ಟಾದ ಫೈಟಿಂಗ್ ಗೇಮ್‌ಗಳು. ಯಾಮ್ಚಾ, ಟಿಯೆನ್, ಕ್ರಿಲಿನ್ ವಾಪಸ್ ಬಂದರು, ಸೇಟನ್ ಕೂಡ ಬಂದ. ಡಿಸ್ಕ್‌ನಲ್ಲಿ ಜಾಗ ಇತ್ತು.

ಆಮೇಲೆ ಸ್ಪೈಕ್ ಕಂಪನಿಯವರು 2005ರಲ್ಲಿ ಟೆಂಕೈಚಿ ಶುರು ಮಾಡಿದರು. ಜಪಾನಿನಲ್ಲಿ ಅದರ ಹೆಸರು ಸ್ಪಾರ್ಕಿಂಗ್. ಕ್ಯಾಮೆರಾವನ್ನು ಪಕ್ಕದಿಂದ ತೆಗೆದು ಪಾತ್ರದ ಬೆನ್ನ ಹಿಂದೆ ಇಟ್ಟರು. ಆ ಒಂದು ಬದಲಾವಣೆಯಿಂದ ಎಲ್ಲ ಬೇರೆಯಾಯಿತು. ಎದುರಾಳಿ ದೂರದಲ್ಲಿ ಚುಕ್ಕೆಯಾಗಿ ಕಾಣುತ್ತಾನೆ, ನೀವು ಅವನತ್ತ ಹಾರುತ್ತೀರಿ, ಬೆಟ್ಟ ಒಡೆಯುತ್ತದೆ, ನೀರಿನೊಳಗೆ ಬೀಳುತ್ತೀರಿ. 2007ರ ಮೂರನೆಯ ಭಾಗಕ್ಕೆ ಬರುವಷ್ಟರಲ್ಲಿ ರೂಪಗಳನ್ನೂ ಸೇರಿಸಿ 161 ಪಾತ್ರ. ಇಷ್ಟೊಂದು ಜನರನ್ನು ಸರಿಸಮ ಮಾಡುವುದು ಯಾರಿಂದಲೂ ಆಗದ ಮಾತು, ಅವರು ಆ ಕಡೆ ಜಾಸ್ತಿ ತಲೆಕೆಡಿಸಿಕೊಂಡ ಹಾಗೂ ಕಾಣುವುದಿಲ್ಲ. ದೈತ್ಯ ಕೋತಿಯಾದ ವೆಜಿಟಾಗೆ ಸಾಮಾನ್ಯ ಏಟು ಬಿದ್ದರೆ ಜಗ್ಗುವುದೇ ಇಲ್ಲ. ಸೇಟನ್ ಹಾರುವುದಿಲ್ಲ. ಆದರೂ ಕೈ ಚುರುಕಿದ್ದರೆ ಸೇಟನ್ ಗೆಲ್ಲುತ್ತಾನೆ. ಕಥೆಯ ನ್ಯಾಯವೂ ಪೂರ್ತಿ ಇಲ್ಲ, ಆಟದ ನ್ಯಾಯವೂ ಪೂರ್ತಿ ಇಲ್ಲ, ಎರಡೂ ಅರ್ಧರ್ಧ. ಪಾರ್ಲರಿನಲ್ಲಿ ಆ ಹುಡುಗನಿಗೆ ಹೊಟ್ಟೆ ಉರಿದಿದ್ದು ಈ ಅರ್ಧಂಬರ್ಧಕ್ಕೇ. ಫ್ರೀಜಾ ಆಕಾಶದಲ್ಲಿ ತೇಲುವುದು, ಸೇಟನ್ ಕೆಳಗೆ ಕುಪ್ಪಳಿಸುವುದು, ಇದನ್ನೆಲ್ಲ ಕಥೆಯ ಪ್ರಕಾರ ಮಾಡಿದವರು ಕೊನೆಗೆ ಪ್ರಾಣ ಹೋಗುವ ವಿಷಯಕ್ಕೆ ಬಂದಾಗ ಮಾತ್ರ ಯಾಕೆ ಕಥೆ ಬಿಟ್ಟರು?

(ಒಂದು ಅಡ್ಡ ಮಾತು. ನಮ್ಮ ಕಡೆ ಡ್ರ್ಯಾಗನ್ ಬಾಲ್ ಗೇಮ್ ಆಡಿದವರಲ್ಲಿ ಪಿಎಸ್2 ಇದ್ದವರಿಗಿಂತ ಫೋನ್‌ನಲ್ಲಿ ಆಡಿದವರೇ ಜಾಸ್ತಿ ಇರಬೇಕು. ಕೈಯಲ್ಲಿ ಹಿಡಿದು ಆಡುವ ಸೋನಿಯ ಪಿಎಸ್‌ಪಿಗೆ 2006ರಲ್ಲಿ ಶಿನ್ ಬುಡೋಕೈ, 2010ರಲ್ಲಿ ಟೆಂಕೈಚಿ ಟ್ಯಾಗ್ ಟೀಮ್ ಬಂದವು. 2012ರಲ್ಲಿ ಪಿಎಸ್‌ಪಿಯ ಗೇಮ್‌ಗಳನ್ನು ಬೇರೆ ಯಂತ್ರದಲ್ಲಿ ಓಡಿಸುವ ಪಿಪಿಎಸ್‌ಎಸ್‌ಪಿಪಿ ಅನ್ನುವ ಎಮ್ಯುಲೇಟರ್ ಬಂದ ಮೇಲೆ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲೂ ಅವು ಓಡತೊಡಗಿದವು. ಹವ್ಯಾಸಿಗಳು ಟ್ಯಾಗ್ ಟೀಮ್‌ಗೆ ಹೊಸ ಹೊಸ ಗೋಕುಗಳನ್ನು ಅಂಟಿಸಿ ಅಂಟಿಸಿ ಅದನ್ನು ಇವತ್ತಿಗೂ ಜೀವಂತ ಇಟ್ಟಿದ್ದಾರೆ. 2010ರ ಗೇಮ್‌ನಲ್ಲಿ ಅದಕ್ಕಿಂತ ಎಷ್ಟೋ ವರ್ಷ ಆಮೇಲೆ ಹುಟ್ಟಿದ ಬೆಳ್ಳಿ ಕೂದಲಿನ ಗೋಕು ಓಡಾಡುತ್ತಾನೆ. ಇದರ ಬಗ್ಗೆ ಬೇರೆಯೇ ಬರೆಯಬೇಕು.)

ಪಿಎಸ್3 ಕಾಲದ ರೇಜಿಂಗ್ ಬ್ಲಾಸ್ಟ್, ಅಲ್ಟಿಮೇಟ್ ಟೆಂಕೈಚಿ, ಬ್ಯಾಟಲ್ ಆಫ್ ಝಡ್ ಇವನ್ನೆಲ್ಲ ದಾಟಿ ಮುಂದೆ ಹೋಗೋಣ. ಒಂದನ್ನೂ ನಾನು ಎರಡನೇ ಸಲ ಹಚ್ಚಲಿಲ್ಲ. 2015ರ ಝೆನೊವರ್ಸ್ ಮಾತ್ರ ಒಂದು ಜಾಣತನ ಮಾಡಿತು. ಗೋಕುವನ್ನು ಆಡಬೇಡಿ, ನಿಮ್ಮದೇ ಪಾತ್ರ ಮಾಡಿಕೊಂಡು ಬನ್ನಿ ಅಂದಿತು. ನಿಮ್ಮ ಪಾತ್ರಕ್ಕೆ ಮಂಗಾದಲ್ಲಿ ಜಾಗವೇ ಇಲ್ಲ, ಹಾಗಾಗಿ ಅವನು ಯಾರನ್ನು ಹೊಡೆದರೂ ಯಾರೂ ಕೇಳುವಂತಿಲ್ಲ.

ಎಲ್ಲರನ್ನೂ ಸಮ ಮಾಡುವ ಅಲೆ

2018ರ ಜನವರಿಯಲ್ಲಿ ಫೈಟರ್‌ಝಡ್ ಬಂತು. ಮಾಡಿದ್ದು ಆರ್ಕ್ ಸಿಸ್ಟಮ್ ವರ್ಕ್ಸ್, ಗಿಲ್ಟಿ ಗಿಯರ್ ಅನ್ನುವ ಫೈಟಿಂಗ್ ಗೇಮ್ ಮಾಡಿದವರು. ಮೂರು ಜನರ ತಂಡ ಕಟ್ಟಿ ಆಡುವುದು. ನೋಡಲು ಟೀವಿಯ ಕಾರ್ಟೂನ್‌ಗಿಂತ ಚೆಂದ. ಇದರಲ್ಲಿ ಯಾಮ್ಚಾ ಇದ್ದಾನೆ, ಕ್ರಿಲಿನ್, ಟಿಯೆನ್ ಇದ್ದಾರೆ, ಮತ್ತೆ ಅವರು ನಿಜವಾಗಿಯೂ ಗೆಲ್ಲುತ್ತಾರೆ. ಅರ್ಧಂಬರ್ಧ ಅಲ್ಲ, ಟೂರ್ನಮೆಂಟ್‌ನಲ್ಲಿ ದುಡ್ಡು ಇಟ್ಟು ಆಡುವಷ್ಟು.

ಆದರೆ ನಾನು ಬಾಯಿ ಬಿಟ್ಟು ನೋಡಿದ್ದು ಅದರ ಕಥೆಯನ್ನು. ಎಲ್ಲರೂ ಈ ಗೇಮ್‌ನ ಕಥೆ ಬೋರು ಅನ್ನುತ್ತಾರೆ, ಬೋರೂ ಹೌದು, ಒಂದೇ ಥರದ ಜಗಳಗಳು ಮುಗಿಯುವುದೇ ಇಲ್ಲ. ಕಥೆ ಇಷ್ಟು: ಭೂಮಿ ಮೇಲೆ ಒಂದು ವಿಚಿತ್ರ ಅಲೆ ಹಬ್ಬುತ್ತದೆ, ಬಲಶಾಲಿಗಳೆಲ್ಲ ಶಕ್ತಿ ಕಳೆದುಕೊಂಡು ಬೀಳುತ್ತಾರೆ. ಆಗ ಎಲ್ಲಿಂದಲೋ ಬಂದ ಒಬ್ಬ ಮನುಷ್ಯನ ಆತ್ಮ ಗೋಕುವಿನ ಮೈಯೊಳಗೆ ಸೇರುತ್ತದೆ. ಆ ಆತ್ಮ ಇದ್ದರೆ ಮಾತ್ರ ಅವನು ಹೊಡೆದಾಡಬಲ್ಲ. ಆ ಆತ್ಮ ಅಂದರೆ ನೀವು, ಸೋಫಾ ಮೇಲೆ ಕೂತು ಆಡುವವರು. ಯಾಮ್ಚಾ ಹೇಗೆ ಫ್ರೀಜಾನನ್ನು ಹೊಡೆಯುತ್ತಾನೆ ಅಂತ ಯಾರಾದರೂ ಕೇಳಿದರೆ ಗೇಮ್ ಹತ್ತಿರ ಈಗ ನೇರ ಉತ್ತರ ಇದೆ. ಅಲೆಯಿಂದ ಎಲ್ಲರೂ ಒಂದೇ ಮಟ್ಟಕ್ಕೆ ಇಳಿದಿದ್ದಾರೆ, ಉಳಿದಿದ್ದನ್ನು ನೀವು ಮಾಡಿದ್ದೀರಿ. ರಥದ ಮೇಲಿನ ಉತ್ತರನ ಪಕ್ಕದಲ್ಲಿ ಬೃಹನ್ನಳೆ ಕೂತಿರುವುದನ್ನು ಮೂವತ್ತು ವರ್ಷ ಯಾವ ಗೇಮ್ ಕೂಡ ಬಾಯಿಬಿಟ್ಟು ಹೇಳಿರಲಿಲ್ಲ. ಇವರು ಅದನ್ನೇ ಕಥೆ ಮಾಡಿದರು.

ಆ ವರ್ಷ ಆಗಸ್ಟ್‌ನಲ್ಲಿ ಲಾಸ್ ವೇಗಾಸ್‌ನ ಈವೊ ಅನ್ನುವ ಫೈಟಿಂಗ್ ಗೇಮ್ ಟೂರ್ನಮೆಂಟ್‌ನಲ್ಲಿ ಅತಿ ಹೆಚ್ಚು ಜನ ಸೇರಿದ ಗೇಮ್ ಇದೇ. ಫೈನಲ್‌ನಲ್ಲಿ ಜಪಾನಿನ ಗೋ1 ಅವರನ್ನು ಅಮೆರಿಕದ ಸೋನಿಕ್‌ಫಾಕ್ಸ್ ಸೋಲಿಸಿದರು. ಗೆದ್ದ ತಂಡದಲ್ಲಿ ಬಾರ್ಡಾಕ್ ಇದ್ದ. ಗೋಕುವಿನ ಅಪ್ಪ, ಫ್ರೀಜಾ ಬೆರಳ ತುದಿಯಿಂದ ಬಿಟ್ಟ ಬೆಂಕಿಯುಂಡೆಯಲ್ಲಿ ಗ್ರಹದ ಸಮೇತ ಸುಟ್ಟು ಹೋದವನು. ಆ ವರ್ಷದ ಟೂರ್ನಮೆಂಟ್‌ಗಳಲ್ಲಿ ಫ್ರೀಜಾಗಿಂತ ಬಾರ್ಡಾಕ್ ಅಂದರೆ ಜನ ಹೆದರುತ್ತಿದ್ದರು. ನನಗೆ ಇದು ತುಂಬಾ ಖುಷಿ ಕೊಟ್ಟಿತು, ಆದರೆ ಅದೇ ಹೊತ್ತಿಗೆ ಅನಿಸಿದ್ದೂ ಇದೆ: ಇಷ್ಟು ನ್ಯಾಯವಾದ ಆಟದಲ್ಲಿ ಡ್ರ್ಯಾಗನ್ ಬಾಲ್‌ನ ಭಯ ಇಲ್ಲ. ಫ್ರೀಜಾ ಮೊದಲ ಸಲ ರೂಪ ಬದಲಾಯಿಸಿದಾಗ ಎದೆ ಝಲ್ ಅನ್ನುತ್ತಿತ್ತಲ್ಲ, ಇನ್ನು ಏನು ಮಾಡಿದರೂ ಆಗುವುದಿಲ್ಲ ಅನ್ನಿಸುತ್ತಿತ್ತಲ್ಲ, ಅದು ಎಲ್ಲರೂ ಸಮ ಇರುವ ಕಡೆ ಹುಟ್ಟುವುದಿಲ್ಲ.

ಯಾಮ್ಚಾಗೆ ಮನೆ ಎಲ್ಲಿ

ಇಷ್ಟು ಹೊತ್ತು ಗೇಮ್‌ಗಳು ಮಂಗಾಗೆ ಎಷ್ಟು ನಿಷ್ಠೆಯಿಂದಿವೆ ಅಂತ ಅಳೆದೆ. ತಿರುಗಿಸಿ ಕೇಳಿದರೆ? ಮಂಗಾ ತನ್ನ ಜನಕ್ಕೆ ಎಷ್ಟು ನಿಷ್ಠೆಯಿಂದಿತ್ತು? ಯಾಮ್ಚಾ ಶುರುವಿನಲ್ಲಿ ಮರುಭೂಮಿಯ ದರೋಡೆಕೋರ, ಗೋಕುವಿಗೆ ಸರಿಸಮನಾಗಿ ನಿಂತವನು. ಮುಂದೆ ಸೈಬಾಮನ್ ಅನ್ನುವ ಹಸಿರು ಪಿಳ್ಳೆ ಅವನನ್ನು ತಬ್ಬಿಕೊಂಡು ಸಿಡಿಯುತ್ತದೆ. ಗುಂಡಿಯಲ್ಲಿ ಮುದುಡಿ ಬಿದ್ದ ಅವನ ಚಿತ್ರ ಜಗತ್ತಿನ ಜೋಕಾಯಿತು. ಫೈಟರ್‌ಝಡ್‌ನವರೂ ಬಿಡಲಿಲ್ಲ, ನಪ್ಪಾ ಅವನನ್ನು ಒಂದು ರೀತಿಯಲ್ಲಿ ಸೋಲಿಸಿದರೆ ಅದೇ ಚಿತ್ರ ಬರುವ ಹಾಗೆ ಮಾಡಿದ್ದಾರೆ. ಮಂಗಾದ ಕೊನೆಯ ಭಾಗದಲ್ಲಿ ಯಾಮ್ಚಾ ಹೊಡೆದಾಟದಿಂದಲೇ ದೂರ. ತೋರಿಯಾಮಾಗೆ ಅವನ ಕೆಲಸ ಮುಗಿದಿತ್ತು.

ಗೇಮ್‌ಗೆ ಹಾಗೆ ಕೈಬಿಡಲು ಆಗುವುದಿಲ್ಲ. ಪಾತ್ರ ಆರಿಸುವ ಪರದೆ ತುಂಬಬೇಕು, ಹೋದ ಸಲಕ್ಕಿಂತ ಈ ಸಲ ಮುಖಗಳು ಜಾಸ್ತಿ ಇರಬೇಕು ಅಂತ ಡಬ್ಬಿ ಮೇಲೆ ಬರೆಯಬೇಕು. ವ್ಯಾಪಾರದ ಕಾರಣ, ಒಪ್ಪಿದೆ. ಆದರೆ ಅದೇ ಕಾರಣಕ್ಕೆ ಯಾಮ್ಚಾ ವರ್ಷ ವರ್ಷ ಹೊಸ ಕನ್ಸೋಲ್‌ಗೆ ಹೊಸದಾಗಿ ಮೈ ಪಡೆದು ಬರುತ್ತಾನೆ. ಯಾರೋ ಒಬ್ಬ ಕಲಾವಿದ ಕೂತು ಅವನ ತೋಳದ ಏಟಿಗೆ ಪ್ರತಿ ಚಲನೆ ಬಿಡಿಸುತ್ತಾನೆ. 2020ರ ಕಾಕರಾಟ್ ಗೇಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎರಡು ಯುದ್ಧದ ನಡುವೆ ಊರೂರು ತಿರುಗಿ, ಹಳೇ ಪರಿಚಯದವರನ್ನು ಮಾತಾಡಿಸಿ, ಬಾಲದಲ್ಲಿ ಮೀನು ಹಿಡಿದು, ಅಡುಗೆ ಮಾಡಿಸಿ ತಿನ್ನಬಹುದು. ಮಂಗಾ ವಾರದ ಗಡಿಬಿಡಿಯಲ್ಲಿ ಬಿಟ್ಟು ಹೋದವರೆಲ್ಲ ಅಲ್ಲಿ ರಸ್ತೆ ಬದಿಯಲ್ಲಿ ಸಿಗುತ್ತಾರೆ.

ಹಾಗೇ ನೋಡಿದರೆ ಮಂಗಾ ಕೂಡ ಕೊನೆಗೆ ಸೇಟನ್‌ಗೆ ಒಂದು ನ್ಯಾಯ ಮಾಡಿತು. ಬೂ ಅನ್ನುವ ರಾಕ್ಷಸನನ್ನು ಕೊಲ್ಲಲು ಅವನು ಮೊದಲು ವಿಷದ ಚಾಕೊಲೇಟ್ ಕೊಡುತ್ತಾನೆ, ಆಮೇಲೆ ಬಾಂಬ್ ಅಡಗಿಸಿದ ಒಂದು ಪುಟಾಣಿ ವಿಡಿಯೊ ಗೇಮ್ ಕೊಡುತ್ತಾನೆ (ಹೌದು, ವಿಡಿಯೊ ಗೇಮ್!). ಎರಡೂ ಕೆಲಸ ಮಾಡುವುದಿಲ್ಲ. ಆಮೇಲೆ ಅವನ ಜೊತೆ ಸ್ನೇಹವಾಗುತ್ತದೆ. ಕೊನೆಯ ಯುದ್ಧದಲ್ಲಿ ಗೋಕುವಿಗೆ ಜಗತ್ತಿನ ಜನರ ಶಕ್ತಿ ಬೇಕಾದಾಗ ಯಾರೂ ಅವನ ಮಾತು ಕೇಳುವುದಿಲ್ಲ, ಅವನು ಯಾರೆಂದೇ ಅವರಿಗೆ ಗೊತ್ತಿಲ್ಲ. ಸೇಟನ್ ಕೂಗಿದಾಗ ಎಲ್ಲರೂ ಕೈ ಎತ್ತುತ್ತಾರೆ. ಬಡಾಯಿಗಾರನ ಸುಳ್ಳು ಹೆಸರೇ ಅಲ್ಲಿ ಕೆಲಸಕ್ಕೆ ಬಂತು. ಇದನ್ನು ಯಾವ ಯಂತ್ರವೂ ಸಂಖ್ಯೆಯಲ್ಲಿ ತೋರಿಸುತ್ತಿರಲಿಲ್ಲ.

ಹದಿನೈದು ಪಾಯಿಂಟ್

ತೋರಿಯಾಮಾ 2024ರ ಮಾರ್ಚ್ 1ರಂದು ತೀರಿಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಪಾರ್ಕಿಂಗ್ ಝೀರೊ ಬಂತು, ಟೆಂಕೈಚಿ 3 ಬಂದು ಹದಿನೇಳು ವರ್ಷದ ಮೇಲೆ ಅದರ ಮುಂದಿನ ಭಾಗ. ಶುರುವಿಗೇ 182 ಪಾತ್ರ, ಮೊದಲ ದಿನವೇ 30 ಲಕ್ಷ ಪ್ರತಿ ಮಾರಾಟ. ಈ ಸಲ ಮಾಡಿದವರು ಸರಿಸಮದ ಆಸೆಯನ್ನೇ ಬಿಟ್ಟಿದ್ದಾರೆ. ಬಲಶಾಲಿ ಬಲಶಾಲಿಯೇ, ಕಥೆಯಲ್ಲಿ ಹೇಗೋ ಇಲ್ಲೂ ಹಾಗೇ. ಅದರ ಬದಲು ಒಂದು ಲೆಕ್ಕ ಇಟ್ಟಿದ್ದಾರೆ. ಪ್ರತಿ ಪಾತ್ರಕ್ಕೂ ಒಂದು ಬೆಲೆ, ಗೊಜಿಟಾನಂಥ ಮಹಾ ಬಲಶಾಲಿಗಳಿಗೆ ಜಾಸ್ತಿ, ಸೇಟನ್‌ನಂಥವರಿಗೆ ತೀರಾ ಕಡಿಮೆ. ಡಿಪಿ ಬ್ಯಾಟಲ್ ಅನ್ನುವ ಆಟದಲ್ಲಿ ನಿಮ್ಮ ಹತ್ತಿರ ಒಟ್ಟು 15 ಪಾಯಿಂಟ್. ಒಬ್ಬ ದೊಡ್ಡವನನ್ನು ತಂದರೆ ಪಕ್ಕದಲ್ಲಿ ನಿಲ್ಲಿಸಲು ಚಿಲ್ಲರೆ ಅಷ್ಟೇ ಉಳಿಯುತ್ತದೆ, ಇಲ್ಲವೇ ಐದು ಜನ ಬಡಪಾಯಿಗಳ ಗುಂಪು ಕಟ್ಟಬಹುದು. ರ್‍ಯಾಡಿಟ್ಜ್‌ನ ಯಂತ್ರದ ಸಂಖ್ಯೆ ಎಷ್ಟೋ ವರ್ಷದ ಮೇಲೆ ರೇಟ್ ಕಾರ್ಡ್ ಆಗಿ ವಾಪಸ್ ಬಂದಿದೆ. ಆ ಪಾರ್ಲರಿನ ಹುಡುಗನಿಗೆ ಸಿಕ್ಕ ಉತ್ತರಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗಿದ್ದು ಇದೇ. ಅವನ ದೂರು ಸರಿ ಅಂತ ಮೊದಲು ಒಪ್ಪಿಕೊಂಡು, ಆಮೇಲೆ ಸರಿ, ಹಾಗಾದರೆ ಏನು ಮಾಡೋಣ ಅಂತ ಕೇಳುತ್ತದೆ.

ಜನ ಸುಮ್ಮನಿದ್ದಾರಾ? ಇಲ್ಲ. ಮೊದಲ ವಾರ ಎಲ್ಲರೂ ಕಥೆಯ ಶುರುವಿನಲ್ಲೇ ಬರುವ ದೈತ್ಯ ಕೋತಿ ವೆಜಿಟಾನನ್ನು ಬೈದರು, ಅವನನ್ನು ದಾಟಲು ಆಗುತ್ತಿಲ್ಲ ಅಂತ. ಮಂಗಾದಲ್ಲೂ ಗೋಕುವಿಗೆ ಅವನನ್ನು ಒಬ್ಬನೇ ದಾಟಲು ಆಗಿರಲಿಲ್ಲ ಅನ್ನುವುದನ್ನು ಮರೆತು ಬೈದರು. ಅಲ್ಲಿ ಹಿಂದಿನಿಂದ ಬಂದು ಬಾಲ ಕತ್ತರಿಸಿದ್ದು ಯಾಜಿರೋಬೆ, ದಪ್ಪಗಿನ ತಿಂಡಿಪೋತ, ಕತ್ತಿ ಇದ್ದರೂ ಹೆದರಿ ಬಂಡೆ ಹಿಂದೆ ಅವಿತುಕೊಂಡಿದ್ದವನು. ಆಮೇಲೆ ಆನ್‌ಲೈನ್‌ನಲ್ಲಿ ಅದೇ ಯಾಜಿರೋಬೆಗೆ ಬೈಗುಳ ಶುರುವಾಯಿತು. ಬೆಲೆ ಕಡಿಮೆ, ಹೊಡೆತ ಹಾಗೇ ಹೀಗೇ, ಆದರೆ ಅವನ ಜೇಬಲ್ಲಿ ಸೆಂಜು ಬೀಜ ಇದೆ. ತಿಂದರೆ ಪ್ರಾಣ ಮತ್ತೆ ತುಂಬುತ್ತದೆ. ದೊಡ್ಡ ದೊಡ್ಡ ದೇವರ ಮಟ್ಟದ ಸೈಯಾನ್‌ಗಳನ್ನು, ಅಂದರೆ ಗೋಕು, ವೆಜಿಟಾರ ಕುಲದವರನ್ನು ಕರೆತಂದವರು ಕಷ್ಟಪಟ್ಟು ಅವನನ್ನು ಸಾಯುವ ಹಂತಕ್ಕೆ ತಂದಾಗ, ಅವನು ಬೀಜ ಬಾಯಿಗೆ ಹಾಕಿಕೊಂಡು ಮೊದಲಿಂದ ಶುರು ಮಾಡುತ್ತಾನೆ. ಇದು ಮೋಸ, ಅವನ ಬೀಜ ಕಿತ್ತುಕೊಳ್ಳಿ ಅಂತ ಗಲಾಟೆ. ನನ್ನ ವೋಟು ಯಾಜಿರೋಬೆಗೆ. ಮಂಗಾದಲ್ಲಿ ಅವನು ಮಾಡಿದ್ದೂ ಇಷ್ಟೇ, ಅವಿತುಕೊಳ್ಳುವುದು, ತಿನ್ನುವುದು, ಬೀಜ ತಂದುಕೊಡುವುದು, ಸಮಯ ನೋಡಿ ಒಂದು ಏಟು ಹಾಕಿ ಓಡುವುದು. ಈ ಗೇಮ್‌ನಲ್ಲಿ ಕಥೆಯ ಪ್ರಕಾರ ಆಡುತ್ತಿರುವವನು ಅವನೊಬ್ಬನೇ. ಬೇಕಿದ್ದರೆ ಗೊಜಿಟಾನ ರೇಟ್ ಇನ್ನೆರಡು ಪಾಯಿಂಟ್ ಏರಿಸಲಿ.